ಕಾವಲು ಗುತ್ತಿಗೆಗೆ, ಎಚ್ಚರ ನಮ್ಮ ಪಾಲಿಗೆ: ಕ್ಯಾಲಿಫೋರ್ನಿಯಾದ ಸಣ್ಣ ನಗರಗಳ ಚರಿತ್ರೆ

ಸನ್ನಿವೇಲ್ ಮತ್ತು ಕ್ಯೂಪರ್ಟಿನೊ ನಗರಗಳ ನಡುವಿನ ಗಡಿ ಬಹುಮಟ್ಟಿಗೆ ಹೋಮ್‌ಸ್ಟೆಡ್ ರಸ್ತೆ. ಅದರ ಎರಡೂ ಮಗ್ಗುಲಲ್ಲಿ ಕನ್ನಡಿಗರ ಮನೆಗಳಿವೆ. ಆದರೆ ಆಪತ್ತು ಬಂದಾಗ 911ಕ್ಕೆ ಕರೆ ಮಾಡಿದರೆ ಆ ಬದಿಯ ಮನೆಗೆ ಬರುವವರೇ ಬೇರೆ, ಈ ಬದಿಯ ಮನೆಗೆ ಬರುವವರೇ ಬೇರೆ. ಉತ್ತರದ ಸನ್ನಿವೇಲ್‌ನಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ಎಂಬ ಒಂದೇ ಇಲಾಖೆಯಿದೆ. 1950ರಲ್ಲಿ ಆರಂಭವಾದ ಈ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಪೊಲೀಸ್ ಕೆಲಸ, ಬೆಂಕಿ ನಂದಿಸುವ ಕೆಲಸ ಮತ್ತು ತುರ್ತು ಚಿಕಿತ್ಸೆ ಈ ಮೂರರಲ್ಲಿಯೂ ತರಬೇತಿ ಪಡೆದಿರುತ್ತಾರೆ. ದಕ್ಷಿಣದ ಕ್ಯೂಪರ್ಟಿನೊಗಾದರೋ ಸ್ವಂತ ಪೊಲೀಸ್ ಇಲಾಖೆಯೇ ಇಲ್ಲ. ಅಲ್ಲಿ ಗಸ್ತು ತಿರುಗುವವರು ಸಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಕಚೇರಿಯವರು. ಅಗ್ನಿಶಾಮಕ ವಾಹನಗಳೂ ಕೌಂಟಿಯವೇ. ಇನ್ನೂ ಚಿಕ್ಕದಾದ ಮಾಂಟೆ ಸೆರೆನೊ ನಗರವನ್ನು ಕಾಯುವವರು ನೆರೆಯ ಲಾಸ್ ಗ್ಯಾಟೊಸ್‌ನ ಪೊಲೀಸರು.

ಅಕ್ಕಪಕ್ಕದ ಊರುಗಳಲ್ಲಿ ಇಷ್ಟೊಂದು ಭಿನ್ನ ವ್ಯವಸ್ಥೆಗಳು ಏಕೆ? ಉತ್ತರಕ್ಕಾಗಿ ಈ ಕಣಿವೆಯು ಹಣ್ಣಿನ ತೋಟಗಳಿಂದ ತುಂಬಿದ್ದ ಕಾಲಕ್ಕೆ ಹೋಗಬೇಕು.

1950ರಲ್ಲಿ ಸ್ಯಾನ್ ಹೊಸೆ ನಗರದ ಸಿಟಿ ಮ್ಯಾನೇಜರ್ ಆಗಿ ನೇಮಕಗೊಂಡ ಡಚ್ ಹಮಾನ್ 1969ರವರೆಗೆ ಆ ಹುದ್ದೆಯಲ್ಲಿದ್ದರು. ಸುತ್ತಲಿನ ಜಮೀನನ್ನು ತುಂಡುತುಂಡಾಗಿ ನಗರಕ್ಕೆ ಸೇರಿಸಿಕೊಳ್ಳುವುದು ಅವರ ನೀತಿಯಾಗಿತ್ತು. 1950ರಲ್ಲಿ ಸುಮಾರು 17 ಚದರ ಮೈಲಿಯಿದ್ದ ಸ್ಯಾನ್ ಹೊಸೆ, ಎರಡು ದಶಕಗಳಲ್ಲಿ 130 ಚದರ ಮೈಲಿಯನ್ನು ಮೀರಿ ಬೆಳೆಯಿತು. ಇದನ್ನು ಕಂಡು ನೆರೆಯ ಸಣ್ಣ ಊರುಗಳು ಕಳವಳಗೊಂಡವು. ತಾವೇ ಒಂದು ನಗರವೆಂದು ಕಾನೂನಿನ ಪ್ರಕಾರ ನೋಂದಾಯಿಸಿಕೊಂಡರೆ ದೊಡ್ಡ ನಗರವು ನುಂಗಲಾರದು. ಆದರೆ ನಗರವಾದೊಡನೆ ಪೊಲೀಸರು, ಅಗ್ನಿಶಾಮಕ ದಳ, ರಸ್ತೆ ದುರಸ್ತಿ ಎಲ್ಲದರ ಹೊಣೆಯೂ ಹೆಗಲೇರುತ್ತದೆ. ಕೆಲವೇ ಸಾವಿರ ಜನರಿರುವ ಊರು ಈ ವೆಚ್ಚವನ್ನು ಹೊರುವುದಾದರೂ ಹೇಗೆ?

ದಾರಿ ತೋರಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಲೇಕ್‌ವುಡ್. ಎರಡನೆಯ ಮಹಾಯುದ್ಧದ ನಂತರ ಒಮ್ಮೆಗೇ ಸಾವಿರಾರು ಮನೆಗಳನ್ನು ಕಟ್ಟಿ ನಿರ್ಮಿಸಿದ ಈ ಬಡಾವಣೆಯನ್ನು ಪಕ್ಕದ ಲಾಂಗ್ ಬೀಚ್ ತನ್ನೊಳಗೆ ಸೇರಿಸಿಕೊಳ್ಳಲು ಹವಣಿಸುತ್ತಿತ್ತು. 1954ರಲ್ಲಿ ಲೇಕ್‌ವುಡ್ ಸ್ವತಂತ್ರ ನಗರವಾಯಿತು. ಆದರೆ ಪೊಲೀಸ್ ಇಲಾಖೆಯನ್ನು ಕಟ್ಟಲು ಹೋಗಲಿಲ್ಲ. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಕಚೇರಿಯೊಂದಿಗೆ ಕರಾರು ಮಾಡಿಕೊಂಡು ಸೇವೆಗೆ ಹಣ ತೆತ್ತಿತು. ಇದೇ ಮುಂದೆ ‘ಲೇಕ್‌ವುಡ್ ಯೋಜನೆ’ ಎಂದು ಹೆಸರಾಯಿತು. ಇಂದು ಆ ಕೌಂಟಿಯ 88 ನಗರಗಳಲ್ಲಿ ಸುಮಾರು 40 ನಗರಗಳು ಶೆರಿಫ್ ಕಚೇರಿಯ ಕಾವಲನ್ನೇ ನೆಚ್ಚಿಕೊಂಡಿವೆ.

ಮರುವರ್ಷವೇ ಕ್ಯೂಪರ್ಟಿನೊದ ಸರದಿ. 1955ರ ಸೆಪ್ಟೆಂಬರ್ 27ರಂದು ನಡೆದ ಮತದಾನದಲ್ಲಿ ನಗರವಾಗಬೇಕೆಂದವರು 225 ಮಂದಿ, ಬೇಡವೆಂದವರು 183 ಮಂದಿ. ಕೇವಲ 42 ಮತಗಳ ಅಂತರದಿಂದ ಹುಟ್ಟಿದ ನಗರವಿದು. 1956ರಲ್ಲಿ ಸಾರಾಟೊಗ ಮತ್ತು ಲಾಸ್ ಆಲ್ಟೋಸ್ ಹಿಲ್ಸ್ ಕೂಡ ನಗರಗಳಾದವು. ಇವೆರಡಕ್ಕೂ ಶೆರಿಫ್ ಕಚೇರಿಯದೇ ಕಾವಲು.

ಇಂತಹ ಕರಾರಿನ ಲಾಭ ಸ್ಪಷ್ಟ. ಅಪರಾಧ ಪ್ರಯೋಗಾಲಯ, ವಿಶೇಷ ತನಿಖಾ ತಂಡ ಮುಂತಾದ ದುಬಾರಿ ಸೌಲಭ್ಯಗಳ ವೆಚ್ಚ ಅನೇಕ ಊರುಗಳ ನಡುವೆ ಹಂಚಿಹೋಗುತ್ತದೆ. ಮಿತಿಯೂ ಅಷ್ಟೇ ಸ್ಪಷ್ಟ. ಶೆರಿಫ್ ಇಡೀ ಕೌಂಟಿಯ ಮತದಾರರಿಂದ ಆಯ್ಕೆಯಾಗುವವರು. ಆದ್ದರಿಂದ ಎಷ್ಟು ಸೇವೆ ಬೇಕೆಂದು ಸಿಟಿ ಕೌನ್ಸಿಲ್ ನಿರ್ಧರಿಸಬಹುದೇ ಹೊರತು, ಆ ಪಡೆಯ ಮುಖ್ಯಸ್ಥರನ್ನು ನೇಮಿಸಲಾರದು, ವಜಾಗೊಳಿಸಲೂ ಆರದು. ಹಾಗಾದರೆ ಸ್ವಂತ ಇಲಾಖೆ ಇರುವುದೇ ಲೇಸಲ್ಲವೇ?

ಲಾಸ್ ಏಂಜಲೀಸ್ ಬಳಿಯ ಎರಡು ನೆರೆಯೂರುಗಳ ಕಥೆ ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಡುತ್ತದೆ. ಮೇವುಡ್ ನಗರಕ್ಕೆ ಸ್ವಂತ ಪೊಲೀಸ್ ಇಲಾಖೆಯಿತ್ತು. ಆ ಇಲಾಖೆಯ ಮೇಲಿನ ದಾವೆಗಳು ಮಿತಿಮೀರಿ, ನಗರಕ್ಕೆ ವಿಮೆ ಸಿಗದಂತಾಯಿತು. 2010ರಲ್ಲಿ ಮೇವುಡ್ ತನ್ನ ಇಲಾಖೆಯನ್ನು ಮುಚ್ಚಿ ಕಾವಲನ್ನು ಶೆರಿಫ್ ಕಚೇರಿಗೂ, ದಿನನಿತ್ಯದ ಆಡಳಿತವನ್ನು ಪಕ್ಕದ ಬೆಲ್ ನಗರಕ್ಕೂ ಒಪ್ಪಿಸಿತು. ಕೆಲವೇ ವಾರಗಳಲ್ಲಿ ಬೆಲ್ ನಗರದ ಹಗರಣ ಬಯಲಾಯಿತು. ಸುಮಾರು 35,000 ಜನರ ಆ ಪುಟ್ಟ ನಗರದ ಸಿಟಿ ಮ್ಯಾನೇಜರ್ ರಾಬರ್ಟ್ ರಿಝೊ ಅವರ ವಾರ್ಷಿಕ ವೇತನ 8 ಲಕ್ಷ ಡಾಲರಿನ ಸಮೀಪಕ್ಕೆ ಬಂದಿತ್ತು. 2014ರಲ್ಲಿ ಅವರಿಗೆ 12 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಇದು ಸಾಧ್ಯವಾದದ್ದು ಹೇಗೆ? ಕೌನ್ಸಿಲ್ ಸದಸ್ಯರ ವೇತನಕ್ಕೆ ರಾಜ್ಯವು ವಿಧಿಸುವ ಮಿತಿಯಿಂದ ನಗರವನ್ನು ಹೊರಗಿಡುವ ಪ್ರಸ್ತಾವವನ್ನು ಬೆಲ್‌ನ ಆಡಳಿತವು 2005ರಲ್ಲಿ ವಿಶೇಷ ಮತದಾನಕ್ಕೆ ಇಟ್ಟಿತು. ಅಂದು ಮತ ಹಾಕಿದವರು 400ಕ್ಕಿಂತಲೂ ಕಡಿಮೆ. ಬೆಂಕಿ ಬಿದ್ದದ್ದು ಯಾರ ಮನೆಗೂ ಅಲ್ಲ, ಕಳ್ಳರು ನುಗ್ಗಿದ್ದೂ ಇಲ್ಲ. ಊರು ಮಲಗಿದ್ದಾಗ ಖಜಾನೆ ಬರಿದಾಯಿತು. ಜನರು ಎಚ್ಚೆತ್ತ ಮೇಲೆ, 2011ರ ಮಾರ್ಚಿಯಲ್ಲಿ, ಹಳೆಯ ಕೌನ್ಸಿಲನ್ನು ಮತದ ಮೂಲಕವೇ ಕೆಳಗಿಳಿಸಿದರು.

ಕ್ಯೂಪರ್ಟಿನೊವನ್ನು ಹುಟ್ಟಿಸಿದವರೂ ನಾನೂರು ಚಿಲ್ಲರೆ ಮತದಾರರೇ, ಬೆಲ್ ನಗರದ ಬಾಗಿಲನ್ನು ತೆರೆದಿಟ್ಟವರೂ ಹತ್ತಿರ ಹತ್ತಿರ ಅಷ್ಟೇ ಮಂದಿ. ಸಣ್ಣ ಊರಿನಲ್ಲಿ ಒಂದೊಂದು ಮತದ ತೂಕವೂ ಹೆಚ್ಚು, ಒಂದೊಂದು ಗೈರುಹಾಜರಿಯ ಬೆಲೆಯೂ ಹೆಚ್ಚು. ಪೊಲೀಸರು ನಮ್ಮವರೇ ಇರಲಿ, ನೆರೆಯವರೇ ಇರಲಿ, ಕೌಂಟಿಯವರೇ ಇರಲಿ, ಲೆಕ್ಕ ಕೇಳುವ ಕೆಲಸವನ್ನು ಮಾತ್ರ ಯಾರಿಗೂ ಗುತ್ತಿಗೆಗೆ ಕೊಡಲಾಗದು.

ನಮ್ಮ ಸದಸ್ಯರಲ್ಲಿ ಹಲವರಿಗೆ ಇನ್ನೂ ಇಲ್ಲಿನ ಪೌರತ್ವವಿಲ್ಲ, ಮತದಾನದ ಹಕ್ಕೂ ಇಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆಯೆಂಬುದೊಂದಿದೆ. ಅದರನ್ವಯ ಕೌನ್ಸಿಲ್ ಸಭೆಗಳು ಸಾರ್ವಜನಿಕರಿಗೆ ತೆರೆದಿರಬೇಕು. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚಿತವಾಗಿ ಪ್ರಕಟಿಸಬೇಕು. ಸಭೆಗೆ ಬಂದ ಯಾರಿಗೇ ಆಗಲಿ ಮಾತನಾಡಲು ಅವಕಾಶವಿರಬೇಕು. ಅಲ್ಲಿ ಪೌರತ್ವವನ್ನು ಯಾರೂ ಕೇಳುವುದಿಲ್ಲ. ಶೆರಿಫ್ ಕರಾರಿನ ಮೊತ್ತ, ಗಸ್ತಿನ ಪ್ರಮಾಣ, ಅಗ್ನಿಶಾಮಕ ಠಾಣೆಯ ದುರಸ್ತಿ ಇವೆಲ್ಲ ಚರ್ಚೆಗೆ ಬರುವುದು ಇಂತಹ ಸಭೆಗಳಲ್ಲಿಯೇ. ಮುಂದಿನ ಬಾರಿ ನಿಮ್ಮೂರಿನ ಆಯವ್ಯಯದ ಸಭೆ ನಡೆದಾಗ, ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು ಒಂದು ಗಂಟೆ ಕುಳಿತು ಬನ್ನಿ. ತಮ್ಮ ಊರನ್ನು ಕಾಯುವವರು ಯಾರು, ಅದಕ್ಕೆ ಹಣ ಕೊಡುವವರು ಯಾರು ಎಂಬುದನ್ನು ಅವರೂ ಕಣ್ಣಾರೆ ಕಾಣಲಿ.