ಜ್ವರ ಬಾರದ ಇಲಿಜ್ವರ: ಲಕ್ಷಣ ತೋರದ ಸೋಂಕು ಎಂದರೇನು?

ಪ್ರಾಣಿಗಳಿಂದ ಬರುವ ರೋಗವೆಂದರೆ ಶಿವಮೊಗ್ಗ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಹಲವು ಬಾರಿ ಮುನ್ಸೂಚನೆ ನೀಡುತ್ತದೆ: ಕಾಡಂಚಿನಲ್ಲಿ ಮಂಗಗಳು ಸಾಯುತ್ತವೆ. ಶಿವಮೊಗ್ಗ ನಗರದ ಚರಂಡಿಗಳಲ್ಲಿ, ಭದ್ರಾವತಿ ಸುತ್ತಲಿನ ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಹರಡಬಲ್ಲ ಇಲಿಜ್ವರಕ್ಕೆ ಅಂತಹ ಸೂಚನೆಯಿಲ್ಲ. ಸೋಂಕು ಹೊತ್ತ ಇಲಿ ಸಾಮಾನ್ಯವಾಗಿ ಕಾಯಿಲೆ ಬೀಳುವುದೇ ಇಲ್ಲ. ಸೋಂಕು ತಗುಲಿದ ಮನುಷ್ಯರಲ್ಲೂ ಅನೇಕರು ಏನೂ ಅರಿಯದೆ ಓಡಾಡಿಕೊಂಡಿರುತ್ತಾರೆ.

ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ನೆಲೆಸಿ ತಿಂಗಳುಗಟ್ಟಲೆ ಮೂತ್ರದೊಡನೆ ಹೊರಬೀಳುತ್ತದೆ. ದನ, ಎಮ್ಮೆ, ಹಂದಿ, ನಾಯಿಗಳೂ ಇದನ್ನು ಹರಡಬಲ್ಲವು. ಹೆಸರಿನಿಂದಾಗಿ ಹೊಣೆಯೆಲ್ಲ ಇಲಿಯ ತಲೆಗೆ ಬಂದಿದೆ. ಒದ್ದೆ ಮಣ್ಣು, ನಿಂತ ನೀರಿನಲ್ಲಿ ಬದುಕುಳಿದು, ಕಾಲಿನ ಬಿರುಕು, ತರಚುಗಾಯ ಅಥವಾ ಕಣ್ಣು, ಬಾಯಿಯ ಒಳಪೊರೆಯ ಮೂಲಕ ದೇಹ ಸೇರುತ್ತದೆ. ನಾಟಿ ಮಾಡುವವರು, ಕೊಟ್ಟಿಗೆ ಕೆಲಸದವರು, ಪೌರಕಾರ್ಮಿಕರು, ಪಶುವೈದ್ಯ ಸಿಬ್ಬಂದಿಗೆ ಅಪಾಯ ಹೆಚ್ಚು. 2019ರ ಆಗಸ್ಟ್‌ನಲ್ಲಿ ಆದಂತೆ ತುಂಗೆಯ ನೆರೆ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ ಎಲ್ಲರೂ ಆ ಸಾಲಿಗೆ ಸೇರುತ್ತಾರೆ.

ಸೋಂಕು ಮತ್ತು ರೋಗ ಒಂದೇ ಅಲ್ಲ. ಅನೇಕರ ದೇಹ ಪ್ರತಿಕಾಯಗಳನ್ನು ಉತ್ಪಾದಿಸಿ ಬ್ಯಾಕ್ಟೀರಿಯಾವನ್ನು ತೊಡೆದುಹಾಕುತ್ತದೆ. ಗುರುತು ಉಳಿಯುವುದು ರಕ್ತದಲ್ಲಿ ಮಾತ್ರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಮಂದಿಗೆ ಇಲಿಜ್ವರ ಬರುತ್ತದೆ, ಸುಮಾರು 59 ಸಾವಿರ ಮಂದಿ ಸಾಯುತ್ತಾರೆ ಎಂಬ 2015ರ ಅಂದಾಜು ಕೂಡ ರೋಗಿಗಳ ಲೆಕ್ಕವೇ ಹೊರತು ಸೋಂಕಿತರ ಲೆಕ್ಕವಲ್ಲ.

ಗೊಂದಲ ಹುಟ್ಟುವುದು ರಕ್ತಪರೀಕ್ಷೆಯಲ್ಲಿ. ಪ್ರತಿಕಾಯಗಳು ಕೆಲವು ತಿಂಗಳು ರಕ್ತದಲ್ಲಿ ಉಳಿಯಬಲ್ಲವು. ಎಂದೋ ಸದ್ದಿಲ್ಲದೆ ಸೋಂಕು ತಗುಲಿದ್ದ ರೈತನಿಗೆ ಇಂದು ಡೆಂಗಿ ಬಂದರೂ ವರದಿ ಇಲಿಜ್ವರವೆಂದೇ ಹೇಳಬಹುದು. ಇನ್ನೊಂದೆಡೆ, ನಿಜವಾಗಿ ಇಲಿಜ್ವರ ಬಂದವನ ರಕ್ತದಲ್ಲಿ ಮೊದಲ ನಾಲ್ಕೈದು ದಿನ ಪ್ರತಿಕಾಯ ಕಾಣದಿರಬಹುದು. ಆದ್ದರಿಂದಲೇ ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ರಕ್ತ ಪಡೆದು ಹೋಲಿಸುವ ಕ್ರಮವಿದೆ. ಅನುಮಾನ ಬಲವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಚಿಕಿತ್ಸೆ ಆರಂಭಿಸುತ್ತಾರೆ. ಆ ಅನುಮಾನ ಮೂಡಬೇಕಾದರೆ ಗದ್ದೆ, ಕೊಟ್ಟಿಗೆ, ಚರಂಡಿಯ ಸಂಪರ್ಕವನ್ನು ರೋಗಿಯೇ ತಿಳಿಸಬೇಕು. ಕೇಳದಿದ್ದರೂ ಹೇಳುವುದು ಒಳಿತು.

ರೋಗಲಕ್ಷಣ ಕಾಣುವುದಾದರೆ ಸಂಪರ್ಕದ ನಂತರ 2ರಿಂದ 30 ದಿನಗಳೊಳಗೆ: ದಿಢೀರ್ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಪೇರಿದ ಕಣ್ಣು. ಕಾಮಾಲೆ ಕಂಡರೆ ಅಥವಾ ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಹಿಂದೆ ಬಂದು ಹೋದ ಸೋಂಕು ರಕ್ಷಣೆ ನೀಡುತ್ತದೆಂಬ ಧೈರ್ಯವೂ ಬೇಡ. ಈ ಬ್ಯಾಕ್ಟೀರಿಯಾದಲ್ಲಿ 250ಕ್ಕೂ ಹೆಚ್ಚು ಬಗೆಗಳಿದ್ದು, ಒಂದರ ವಿರುದ್ಧದ ಪ್ರತಿಕಾಯ ಇನ್ನೊಂದನ್ನು ತಡೆಯದಿರಬಹುದು.