1953: ಆದೋನಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾದ ವರ್ಷ



ನವೆಂಬರ್ 1 ಬಂದರೆ ನಮ್ಮೆಲ್ಲರ ಮೊಬೈಲುಗಳಲ್ಲಿ ಹಳದಿ-ಕೆಂಪು ಬಾವುಟ ಹಾರುತ್ತದೆ. ಕರ್ನಾಟಕ ಒಂದಾದದ್ದು 1956ರಲ್ಲಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆಯ ಕನ್ನಡದ ಮನೆಗಳಿಗೆ ಅದಕ್ಕಿಂತ ದೊಡ್ಡ ಇಸವಿ ಇನ್ನೊಂದಿದೆ. ಅದು 1953. ಆ ವರ್ಷ ಅಲ್ಲಿನ ಜನ ಮನೆ ಬದಲಾಯಿಸಲಿಲ್ಲ, ಹೊಲ ಮಾರಲಿಲ್ಲ; ಆದರೂ ಅವರ ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಕಚೇರಿಯ ಭಾಷೆಯೂ ನಿಧಾನವಾಗಿ ಬದಲಾಯಿತು.

ಅದಕ್ಕೂ ಮುಂಚೆ

1800ರಲ್ಲಿ ಹೈದರಾಬಾದಿನ ನಿಜಾಮರು ಈ ಸೀಮೆಯನ್ನೆಲ್ಲ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರಾಗಿ ಬಂದ. ಮುಂದೆ ಆದೋನಿ, ಆಲೂರು, ರಾಯದುರ್ಗಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯೊಳಗೇ ಉಳಿದವು. ಜಮೀನಿನ ಕೆಲಸ, ಕೋರ್ಟಿನ ಕೆಲಸ ಏನೇ ಇದ್ದರೂ ಜನ ಬಳ್ಳಾರಿಗೇ ಹೋಗಬೇಕಿತ್ತು.

ಆ ಜಿಲ್ಲೆಯಲ್ಲಿ ಒಂದೇ ಭಾಷೆ ಇರಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹತ್ತಿ ವ್ಯಾಪಾರದಲ್ಲಿ ಜೊತೆಗೆ ಉರ್ದು. ನಾಟಕದ ಹೆಸರಾಂತ ನಟ ಬಳ್ಳಾರಿ ರಾಘವರು ತೆಲುಗಿನಲ್ಲೂ ಕನ್ನಡದಲ್ಲೂ ಪಾತ್ರ ಮಾಡುತ್ತಿದ್ದರು. ಅವರು ಯಾರವರು ಎಂದು ಇಂದಿಗೂ ಎರಡೂ ಕಡೆಯವರು ಕೇಳಿದರೆ, ಇಬ್ಬರಿಗೂ ಸೇರಿದವರು ಎನ್ನಬೇಕಷ್ಟೆ.

ನಮ್ಮ ಕ್ರೈಸ್ತ ಚರಿತ್ರೆಯಲ್ಲೂ ಈ ಜಿಲ್ಲೆಗೆ ದೊಡ್ಡ ಜಾಗವಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಕನ್ನಡದಲ್ಲಿ ದೇವರ ವಾಕ್ಯ ಓದುವ ನಾವೆಲ್ಲರೂ ಆ ಶ್ರಮಕ್ಕೆ ಋಣಿಗಳು. ಆ ಕೆಲಸ ನಡೆದ ಊರು ಆಗ ಆದೋನಿಯವರಿಗೂ ಜಿಲ್ಲಾ ಕೇಂದ್ರ.

ಆ ಒಂದು ವರ್ಷ

ಪ್ರತ್ಯೇಕ ಆಂಧ್ರ ರಾಜ್ಯ ಬೇಕೆಂದು ಮದ್ರಾಸಿನಲ್ಲಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರ್ 15ರಂದು ತೀರಿಕೊಂಡರು. ನಾಲ್ಕೇ ದಿನದಲ್ಲಿ ಪ್ರಧಾನಿ ನೆಹರೂ ಆಂಧ್ರ ರಾಜ್ಯ ರಚನೆಯನ್ನು ಘೋಷಿಸಿದರು. ತೆಲುಗರಿಗೆ ಅದು ಬಹುದಿನದ ಕನಸು. ಬಳ್ಳಾರಿ ಜಿಲ್ಲೆಯವರಿಗೆ ಮಾತ್ರ ಒಂದೇ ಪ್ರಶ್ನೆ: ನಮ್ಮ ಹತ್ತು ತಾಲ್ಲೂಕುಗಳ ಗತಿ ಏನು?

ಹೊಸ ರಾಜ್ಯದ ವಿಷಯ ಪರಿಶೀಲಿಸಲು ನ್ಯಾಯಮೂರ್ತಿ ವಾಂಚೂ ನೇಮಕವಾದರು. ತೆಲುಗು ಮಾತಾಡುವವರು ಹೆಚ್ಚು ಎಂಬ ನೆಲೆಯಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಎಂದಾಯಿತು. ಹರಪನಹಳ್ಳಿ, ಹಡಗಲಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಮೈಸೂರಿಗೆ ಎಂದಾಯಿತು. ಉಳಿದದ್ದು ಬಳ್ಳಾರಿ ತಾಲ್ಲೂಕು. ಅದಕ್ಕಾಗಿ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರನ್ನು ಕಳಿಸಿದರು. ಅವರು ಜನರ ವಾದ ಕೇಳಿ, ಆ ತಾಲ್ಲೂಕು ಮೈಸೂರಿಗೆ ಸೇರಲಿ ಎಂದರು. ಇಂಥ ಪ್ರತ್ಯೇಕ ವಿಚಾರಣೆ ನಡೆದದ್ದು ಬಳ್ಳಾರಿ ತಾಲ್ಲೂಕಿಗೆ ಮಾತ್ರ ಎಂಬುದನ್ನು ಗಮನಿಸಿ.

1953ರ ಅಕ್ಟೋಬರ್ 1ರಂದು ಎರಡು ಊರುಗಳಲ್ಲಿ ಸಂಭ್ರಮ. ಕರ್ನೂಲು ಹೊಸ ಆಂಧ್ರ ರಾಜ್ಯದ ರಾಜಧಾನಿಯಾಯಿತು. ಟಂಗುಟೂರಿ ಪ್ರಕಾಶಂ ಮುಖ್ಯಮಂತ್ರಿಯಾದರು. ಬಳ್ಳಾರಿ ಅಂದೇ ಮೈಸೂರು ರಾಜ್ಯಕ್ಕೆ ಸೇರಿತು. ಆಗ ಅಲ್ಲಿ ಕೆಂಗಲ್ ಹನುಮಂತಯ್ಯನವರ ಸರ್ಕಾರ. ಆದರೆ ಬಳ್ಳಾರಿಯ ಸಂಭ್ರಮದ ಹೊತ್ತಿನಲ್ಲೇ, ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ದಾಳಿಯಲ್ಲಿ ಪ್ರಾಣ ಕಳೆದುಕೊಂಡರು. ಅತ್ತ ಶ್ರೀರಾಮುಲು, ಇತ್ತ ರಂಜಾನ್ ಸಾಬ್. ಎರಡೂ ಕಡೆ ಒಂದೊಂದು ಮನೆಯಲ್ಲಿ ಕಣ್ಣೀರು.

ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಹೋದವು, ರಾಯದುರ್ಗ ಅನಂತಪುರಕ್ಕೆ.

ಗೆರೆ ದಾಟಿದ ನೀರು

ಅದೇ 1953ರ ಜುಲೈಯಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರು. ಕಟ್ಟಿದವರು ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು. ಮೂರು ತಿಂಗಳಲ್ಲಿ ಅಣೆಕಟ್ಟೆ ಇರುವ ತಾಲ್ಲೂಕು ಮೈಸೂರಿನದಾಯಿತು, ಬಲದಂಡೆಯ ಕೆಳಮಟ್ಟದ ಕಾಲುವೆ ಸಾಗುವ ಆದೋನಿ ಸೀಮೆ ಆಂಧ್ರದ್ದಾಯಿತು. ಹಾಗಾಗಿ ಎರಡೂ ರಾಜ್ಯಗಳ ಪರವಾಗಿ ನೋಡಿಕೊಳ್ಳಲು ತುಂಗಭದ್ರಾ ಮಂಡಳಿಯನ್ನು ಮಾಡಬೇಕಾಯಿತು. ಜನರನ್ನು ಭಾಗ ಮಾಡಿದ ಕಾನೂನೇ ನೀರಿಗಾಗಿ ಅವರನ್ನು ಒಂದೇ ಮೇಜಿನ ಮುಂದೆ ಕೂರಿಸಿತು.

ಭಕ್ತರೂ ಗೆರೆ ನೋಡಲಿಲ್ಲ. ಮಂತ್ರಾಲಯಕ್ಕೆ, ಉರುಕುಂದಿ ಈರಣ್ಣನಿಗೆ ಕರ್ನಾಟಕದ ಜನ ಇಂದಿಗೂ ಬರುತ್ತಾರೆ. ಹೆಣ್ಣು ಕೊಡುವುದು, ತರುವುದು ಸಿರುಗುಪ್ಪ, ಬಳ್ಳಾರಿ, ರಾಯಚೂರಿನ ಕಡೆಗೆ ನಡೆದೇ ಇದೆ.

ಶಾಲೆಯಲ್ಲಿ ಆದದ್ದು

ಗೆರೆಯ ಭಾರ ಬಿದ್ದದ್ದು ಮಕ್ಕಳ ಮೇಲೆ. ಕನ್ನಡ ಶಾಲೆ ಓದಿದರೆ ಮುಂದೆ ಕಾಲೇಜು ಎಲ್ಲಿ, ನೌಕರಿ ಎಲ್ಲಿ ಎಂಬ ಚಿಂತೆ ತಂದೆತಾಯಿಗೆ. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು. ಆ ಗಡಿಭಾಗದಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇಂದಿಗೂ ಇವೆ. ಆದರೆ ಕಾನೂನು ಶಾಲೆಯ ಬಾಗಿಲು ತೆರೆದಿಡಬಲ್ಲದು. ಮಗುವನ್ನು ಕೈಹಿಡಿದು ಒಳಗೆ ಕಳಿಸಬೇಕಾದವರು ಮನೆಯವರು.

ಇದರಲ್ಲಿ ತೆಲುಗಿನ ಮೇಲೆ ಕೋಪ ಬೇಕಿಲ್ಲ. ಆಂಧ್ರ ರಾಜ್ಯ ಕೇಳಿದವರು ತಮ್ಮ ಭಾಷೆಯ ಮೇಲಿನ ಪ್ರೀತಿಯಿಂದ ಕೇಳಿದರು. ಮೂರೇ ವರ್ಷದಲ್ಲಿ, 1956ರ ನವೆಂಬರ್ 1ರಂದು, ರಾಜಧಾನಿ ಹೈದರಾಬಾದಿಗೆ ಹೋಗಿ ಕರ್ನೂಲಿನವರೂ ಕಳೆದುಕೊಳ್ಳುವುದೆಂದರೇನು ಎಂದು ತಿಳಿದರು. ನಮ್ಮ ಹಿರಿಯರು ಎರಡು ಭಾಷೆಯಲ್ಲಿ ಬದುಕಿದರು, ಎರಡನ್ನೂ ಗೌರವಿಸಿದರು. ನಮಗೆ ಬೇಕಾದದ್ದೂ ಅದೇ.

ಈ ವಾರ ನಮ್ಮ ಕೆಲಸ

ಮನೆಯ ಹಿರಿಯರ ಹತ್ತಿರ ಕೂತು ಮೂರು ಪ್ರಶ್ನೆ ಕೇಳಿ. ನೀವು ಯಾವ ಭಾಷೆಯಲ್ಲಿ ಶಾಲೆ ಕಲಿತಿರಿ? ಆಗ ನಮ್ಮ ಊರು ಯಾವ ಜಿಲ್ಲೆಯಲ್ಲಿತ್ತು? ಚಿಕ್ಕಂದಿನಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥನೆ ಕಲಿತಿರಿ? ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ. 1953ನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಆದ್ದರಿಂದ ಮುಂದಿನ ರಜೆಗೆಂದು ಕಾಯಬೇಡಿ, ಈ ಭಾನುವಾರವೇ ಕೇಳಿ.