ಅಳಿವೆಯ ಊರಿನ ಒಂದು ಹಳೆಯ ಲೆಕ್ಕ

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಬೆಳೆದ ಊರು ಮಂಗಳೂರು. ತುಳುವರಿಗೆ ಅದು ಕುಡ್ಲ, ಬ್ಯಾರಿಗಳಿಗೆ ಮೈಕಾಲ, ಕೊಂಕಣಿಗರಿಗೆ ಕೊಡಿಯಾಲ.

1340ರ ದಶಕದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಈ ಊರನ್ನು ಮಂಜರೂರು ಎಂದು ಕರೆದಿದ್ದಾನೆ. ಫಾರ್ಸ್ ಮತ್ತು ಯಮನ್‌ನ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದರು. ಕರಿಮೆಣಸು, ಶುಂಠಿ ಹೇರಳವಾಗಿತ್ತು. ಊರ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಅವನ ಲೆಕ್ಕ. ಅವರಿಗೂ ಊರವರಿಗೂ ಆಗಾಗ ಕಾಳಗವಾಗುತ್ತಿತ್ತು, ವರ್ತಕರು ಬೇಕಾಗಿದ್ದ ಕಾರಣ ಅರಸನೇ ರಾಜಿ ಮಾಡಿಸುತ್ತಿದ್ದ ಎಂದೂ ಬರೆದಿದ್ದಾನೆ. ಸೌಹಾರ್ದದ ಭಾಷಣಗಳಿಗೆ ಈ ಮಾತು ಹಿಡಿಸದು. ಆದರೆ ನಮಗೆ ಇದೇ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಜಗಳವಾಡಿದವರೂ ಊರು ಬಿಟ್ಟು ಹೋಗಲಿಲ್ಲ. ಅರಸನೂ ಒಂದು ಪಕ್ಷವನ್ನು ಓಡಿಸಲಿಲ್ಲ. ಮೆಣಸು ಮಾರಬೇಕಿತ್ತಲ್ಲ!

2011ರ ಜನಗಣತಿಯಲ್ಲಿ ನಗರ ಮತ್ತು ಹೊರವಲಯ ಸೇರಿ ಆರು ಲಕ್ಷ ದಾಟಿತ್ತು. ಅಳಿವೆಯಲ್ಲಿ ಹೂಳು ತುಂಬುವುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರವು. ಅವುಗಳಿಗಾಗಿ ಪಣಂಬೂರಿನಲ್ಲಿ ಕಟ್ಟಿದ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಹಳೆಯ ಬಂದರ್‌ನ ಧಕ್ಕೆಗೆ ಉಳಿದದ್ದು ಮೀನಿನ ದೋಣಿಗಳು ಮತ್ತು ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ ಒಯ್ಯುವ ಮಂಜಿಗಳು.